ಹೊತ್ತು ಮುಳುಗಿದ ಮೇಲೆ ಉಳಿಯುವವರು

ಅಜಂತಾ ಗುಹೆಗಳಿಗೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ವಾರದ ಆರಂಭದಲ್ಲಿ ಛತ್ರಪತಿ ಸಂಭಾಜಿನಗರಕ್ಕೆ ಹೋಗಿ ಇಳಿದವರಿಗೆ ಇದು ಕಿರಿಕಿರಿಯ ಸಂಗತಿ. ಆದರೆ ಆ ನಗರ ಪ್ರವಾಸಿಗರ ಊರಾಗಿ ಬೆಳೆದ ಗುಟ್ಟು ಇಂಥ ಅನನುಕೂಲಗಳಲ್ಲೇ ಅಡಗಿದೆ. ಅಜಂತಾ ನಗರದಿಂದ ಈಶಾನ್ಯಕ್ಕೆ ಸುಮಾರು 100 ಕಿ.ಮೀ. ದೂರ, ಎಲ್ಲೋರಾ ವಾಯವ್ಯಕ್ಕೆ ಸುಮಾರು 30 ಕಿ.ಮೀ. ಒಂದರ ದಾರಿಯಲ್ಲಿ ಇನ್ನೊಂದು ಸಿಗುವುದಿಲ್ಲ. ಒಂದನ್ನು ನೋಡಿ ಊರಿಗೆ ಮರಳಿ, ಮಲಗಿ ಎದ್ದು, ಮರುದಿನ ಇನ್ನೊಂದಕ್ಕೆ ಹೊರಡಬೇಕು. ನಡುವೆ ರಜೆಯ ದಿನ ಬಿದ್ದರೆ ಇನ್ನೊಂದು ರಾತ್ರಿ ಹೆಚ್ಚು. ಆ ಬಿಡುವಿನಲ್ಲಿ ಬೀಬಿ ಕಾ ಮಕ್ಬರಾ, ಪನ್‌ಚಕ್ಕಿ, ದೌಲತಾಬಾದ್ ಕೋಟೆ. ಸಂಜೆಗೆ ಹಿಮರು ಶಾಲುಗಳ ಅಂಗಡಿ, ರಾತ್ರಿಗೆ ನಾನ್ ಖಲಿಯಾ. ಹೋಟೆಲಿನ ಮಾಣಿಯಿಂದ ಗೈಡಿನವರೆಗೆ, ಮಗ್ಗದವನಿಂದ ಟ್ಯಾಕ್ಸಿಯವನವರೆಗೆ ಎಷ್ಟೋ ಜನರ ಅನ್ನ ಹುಟ್ಟಿದ್ದು ದಾರಿ ದೂರವಾಗಿದ್ದರಿಂದ, ಅತಿಥಿ ರಾತ್ರಿ ಉಳಿಯಲೇಬೇಕಾಗಿದ್ದರಿಂದ.

ವಿಹಾರದ ಊರುಗಳು ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತವೆ ಎಂಬ ವಿಚಾರ ಬಂದಾಗಲೆಲ್ಲ ನಾವು ಕಡಲತೀರಗಳ ಕಡೆ ನೋಡುತ್ತೇವೆ. ಹಳ್ಳಿಯಾಗಿದ್ದ ಗೋಕರ್ಣ, ಮೀನುಗಾರರದ್ದಾಗಿದ್ದ ಮಲ್ಪೆ, ಗೋವೆಯ ಕಲಂಗೂಟ್ ನಮ್ಮ ಬಾಯಿಗೆ ಮೊದಲು ಬರುವ ಹೆಸರುಗಳು. ಜನ ಹೆಚ್ಚಾದರು, ಊರು ಕೆಟ್ಟಿತು ಎನ್ನುವುದು ಸಾಮಾನ್ಯವಾದ ತೀರ್ಮಾನ. ಭೂಗೋಳ ವಿದ್ವಾಂಸ ರಿಚರ್ಡ್ ಬಟ್ಲರ್ 1980ರಲ್ಲಿ ಇದಕ್ಕೊಂದು ಶಾಸ್ತ್ರೀಯ ರೂಪ ಕೊಟ್ಟರು. ಕೆಲವೇ ಜನ ಹುಡುಕಿಕೊಂಡು ಬರುವ ಕಾಲ, ಊರಿನವರು ಕೈಜೋಡಿಸುವ ಕಾಲ, ಭರದ ಬೆಳವಣಿಗೆ, ಗಟ್ಟಿಯಾಗಿ ನೆಲೆಗೊಳ್ಳುವುದು, ಜಡವಾಗುವುದು, ಕೊನೆಗೆ ಇಳಿಗಾಲ ಅಥವಾ ಮರುಹುಟ್ಟು; ಪ್ರವಾಸಿ ಊರು ಹೀಗೆ ಒಂದು ಜೀವದಂತೆ ಹುಟ್ಟಿ ಮುಪ್ಪಾಗುತ್ತದೆ ಎಂದರು ಅವರು. ಆ ವಿವರಣೆಯ ಬೆನ್ನೆಲುಬು ಬರುವವರ ಸಂಖ್ಯೆ. ಕಡಲಿಲ್ಲದ ನಾಸಿಕ್ ಮತ್ತು ಸಂಭಾಜಿನಗರ ಎಂಬ ಗೋದಾವರಿ ಕಣಿವೆಯ ಎರಡು ಊರುಗಳನ್ನು ಮುಂದಿಟ್ಟುಕೊಂಡು ಬೇರೆಯೇ ಒಂದು ಮಾತನ್ನು ವಾದಿಸುವುದು ಈ ಲೇಖನದ ಉದ್ದೇಶ: ಇಂಥ ಊರುಗಳ ಹಣೆಬರಹ ನಿರ್ಧಾರವಾಗುವುದು ಎಷ್ಟು ಜನ ಬಂದರು ಎನ್ನುವುದಕ್ಕಿಂತ ಹೆಚ್ಚಾಗಿ, ಬಂದವರು ಎಷ್ಟು ರಾತ್ರಿ ತಂಗಿದರು, ಯಾರ ಸೂರಿನಡಿ ತಂಗಿದರು ಎನ್ನುವುದರ ಮೇಲೆ.

ಕಡಲತೀರದ ಇತಿಹಾಸವೇ ಇದಕ್ಕೆ ಮೊದಲ ಸಾಕ್ಷಿ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ಗೆ 1846ರಲ್ಲಿ ರೈಲು ಬಂತು. ಲ್ಯಾಂಕಾಶೈರಿನ ಹತ್ತಿ ಗಿರಣಿಗಳು ಊರಿಗೊಂದು ವಾರದಂತೆ ಸರದಿಯ ಮೇಲೆ ಬಾಗಿಲು ಹಾಕುತ್ತಿದ್ದವು. ಆ ವಾರ ಒಂದಿಡೀ ಗಿರಣಿ ಊರೇ ಗಂಟುಮೂಟೆ ಕಟ್ಟಿ ಬ್ಲ್ಯಾಕ್‌ಪೂಲ್‌ಗೆ ಹೊರಡುತ್ತಿತ್ತು. ವರ್ಷವರ್ಷವೂ ಅದೇ ಮನೆ, ಬಾಡಿಗೆಗೆ ಕೋಣೆ ಕೊಡುವ ಅದೇ ಮನೆಯೊಡತಿ. 1970ರ ದಶಕದಲ್ಲಿ ಅಗ್ಗದ ವಿಮಾನಗಳು ಆ ಕುಟುಂಬಗಳನ್ನು ಸ್ಪೇನಿನ ಬಿಸಿಲಿಗೆ ಒಯ್ದವು. ಬ್ಲ್ಯಾಕ್‌ಪೂಲ್‌ಗೆ ಆಮೇಲೂ ಲಕ್ಷಾಂತರ ಜನ ಬರುತ್ತಲೇ ಇದ್ದರು, ಆದರೆ ವಾರವಿಡೀ ಉಳಿಯುತ್ತಿದ್ದವರ ಜಾಗಕ್ಕೆ ಬೆಳಿಗ್ಗೆ ಬಂದು ಸಂಜೆ ಹೋಗುವವರು ಬಂದರು. ಕೋಣೆಗಳು ಖಾಲಿ ಬಿದ್ದವು, ಮನೆಯೊಡತಿಯರ ಕಸುಬು ಮುಗಿಯಿತು, ಬೀದಿಗಳು ಬಡವಾದವು. ಜನಸಂದಣಿ ಇದ್ದೂ ಊರು ಸೋತಿತು.

ಬ್ಲ್ಯಾಕ್‌ಪೂಲಿನ ಮನೆಯೊಡತಿಗೆ ಸಮನಾದವರು ನಾಸಿಕ್‌ನಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ಇದ್ದರು. ಗೋದಾವರಿಯ ರಾಮಕುಂಡದ ಸುತ್ತಲಿನ ಪಂಚವಟಿಯಲ್ಲಿ, ಹಳೆಯ ನಾಸಿಕ್‌ನ ವಾಡೆಗಳಲ್ಲಿ ಕ್ಷೇತ್ರಪುರೋಹಿತರ ಮನೆತನಗಳು ನೆಲೆಸಿದ್ದವು. ಯಾವ ಪ್ರಾಂತ್ಯದ, ಯಾವ ಮನೆತನದ ಯಾತ್ರಿಕರು ಯಾವ ಪುರೋಹಿತರ ಮನೆಗೆ ಹೋಗಬೇಕು ಎನ್ನುವುದು ಪರಂಪರೆಯಿಂದ ನಿಶ್ಚಯವಾಗಿರುತ್ತಿತ್ತು. ಪುರೋಹಿತರ ಬಳಿ ವಹಿ ಎಂಬ ಉದ್ದನೆಯ ದಾಖಲೆ ಪುಸ್ತಕಗಳು. ಬಂದ ಯಾತ್ರಿಕ ತನ್ನ ಹೆಸರು, ತಂದೆ-ತಾತಂದಿರ ಹೆಸರು, ಊರು ಬರೆದು ರುಜು ಹಾಕುವುದು ವಾಡಿಕೆ. ಮೊಮ್ಮಗ ಬಂದಾಗ ಅಜ್ಜನ ಕೈಬರಹ ತೆಗೆದು ತೋರಿಸುವರು. ಗೋದಾವರಿ ಕನ್ನಡಿಗರಿಗೆ ಪರಕೀಯ ನದಿಯೇನಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವುದು ಇದೇ ಹೊಳೆಯನ್ನು. ದಕ್ಷಿಣದಿಂದ ನಡೆದೋ ಗಾಡಿ ಕಟ್ಟಿಯೋ ಬಂದವರು ಪುರೋಹಿತರ ಮನೆಯ ಜಗಲಿಯಲ್ಲೋ ಧರ್ಮಶಾಲೆಯಲ್ಲೋ ದಿನಗಟ್ಟಲೆ ಇರುತ್ತಿದ್ದರು. ಶ್ರಾದ್ಧ, ತೀರ್ಥಸ್ನಾನ, ಮುಂದೆ ತ್ರ್ಯಂಬಕ, ಹಿಂದಿರುಗಿ ಬಂದು ಬಜಾರಿನಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆ ಕೊಳ್ಳುವುದು. ನಾಸಿಕ್‌ನ ಪಾತ್ರೆಗಳು ಹೆಸರಾಗಿದ್ದೇ ಈ ಯಾತ್ರಿಕರಿಂದ. ತಂಬಿಗೆಯೊಂದನ್ನು ತಟ್ಟಿ ನೋಡಿ, ಚೌಕಾಸಿ ಮಾಡಿ, ನಾಳೆ ಬರುತ್ತೇನೆ ಎಂದು ಹೇಳಿ ಹೋಗಲು ನಾಳೆಯೂ ಆ ಊರಿನಲ್ಲಿ ಇರುವವನಿಗಷ್ಟೇ ಸಾಧ್ಯ.

ರೈಲು ಇದನ್ನು ಕೊಂದಿತು ಎಂದುಕೊಂಡರೆ ತಪ್ಪಾಗುತ್ತದೆ. ಮುಂಬಯಿಯಿಂದ ಬಂದ ರೈಲುಹಾದಿ ಥಳ್ ಘಾಟನ್ನು ಹತ್ತಿ ಇಗತ್‌ಪುರಿ ಮುಟ್ಟಿದ್ದು 1865ರಲ್ಲಿ. ನಾಸಿಕ್ ರೋಡ್ ನಿಲ್ದಾಣ ಹಳೆಯ ಊರಿನಿಂದ ಎಂಟೊಂಬತ್ತು ಕಿ.ಮೀ. ದೂರವಿದ್ದುದರಿಂದ 1889ರಲ್ಲಿ ಕುದುರೆ ಎಳೆಯುವ ಟ್ರಾಮ್ ಬಂತು. 1930ರ ದಶಕದ ಆರಂಭದವರೆಗೆ ಅದು ಓಡಿತು. ಬರುವುದು ಸುಲಭವಾಯಿತು, ಆದರೆ ಅದೇ ದಿನ ಮರಳುವುದು ಸುಲಭವಾಗಲಿಲ್ಲ. ಈ ಭೇದ ಮುಖ್ಯ. ಬರುವ ದಾರಿಯಷ್ಟೇ ತೆರೆದರೆ ಊರು ಬೆಳೆಯುತ್ತದೆ. ಬಂದ ದಿನವೇ ತಿರುಗಿ ಹೋಗುವ ದಾರಿಯೂ ತೆರೆದಾಗ ಊರು ನಿಲ್ದಾಣವಾಗುತ್ತದೆ. ರೈಲಿನ ಕಾಲದಲ್ಲಿ ನಾಸಿಕ್‌ಗೆ ಹೊಸ ಬಗೆಯ ಅತಿಥಿಗಳೂ ಸಿಕ್ಕರು. ದಂಡು ಪ್ರದೇಶವಾಗಿದ್ದ ದೇವಳಾಲಿಯ ಒಣ ಹವೆ ಎದೆರೋಗಿಗಳಿಗೆ, ಬಾಣಂತಿಯರಿಗೆ, ಮುದುಕರಿಗೆ ಒಳ್ಳೆಯದೆಂದು ಮುಂಬಯಿಯ ಪಾರ್ಸಿ, ಗುಜರಾತಿ, ಕಚ್ಛೀ, ಬೋಹ್ರಾ ಸಮುದಾಯಗಳು ಲ್ಯಾಮ್ ರಸ್ತೆಯ ಉದ್ದಕ್ಕೂ ಆರೋಗ್ಯಧಾಮಗಳನ್ನು ಕಟ್ಟಿಸಿದವು. ಕುಟುಂಬಗಳು ಅಡುಗೆಯ ಸಾಮಾನು ಹೊತ್ತು ಬಂದು ತಿಂಗಳುಗಟ್ಟಲೆ ಇರುತ್ತಿದ್ದವು. ತರಕಾರಿಯವಳು, ಟಾಂಗಾದವನು, ಹಾಲಿನವನು, ವೈದ್ಯ ಎಲ್ಲರಿಗೂ ಅತಿಥಿಯ ಹೆಸರು ಗೊತ್ತಿರುತ್ತಿತ್ತು. ಮುಂಬಯಿ ಹತ್ತಿರವಾದಂತೆ ತಿಂಗಳು ವಾರವಾಯಿತು, ವಾರ ಶನಿವಾರ-ಭಾನುವಾರವಾಯಿತು. ಈಗ ಅಲ್ಲಿ ಹಳೆಯ ಬಂಗಲೆಗಳ ನಡುವೆ ಅಪಾರ್ಟ್‌ಮೆಂಟುಗಳು ಎದ್ದಿವೆ.

ಹಾಗಾದರೆ ಕುಂಭಮೇಳ? ಹನ್ನೆರಡು ವರ್ಷಕ್ಕೊಮ್ಮೆ, ಗುರು ಸಿಂಹರಾಶಿಗೆ ಬಂದಾಗ ನಡೆಯುವ ಸಿಂಹಸ್ಥದಲ್ಲಿ ನಾಸಿಕ್-ತ್ರ್ಯಂಬಕಗಳಿಗೆ ಬರುವ ಜನರ ಮುಂದೆ ಬೇರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಸಂಖ್ಯೆಯೇ ಊರನ್ನು ಬದಲಿಸುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಒಳಹೊಕ್ಕು ನೋಡಿದರೆ ಮೇಳದೊಳಗೆ ಎರಡು ಮೇಳಗಳಿವೆ. ತ್ರ್ಯಂಬಕದಲ್ಲಿ ಶೈವ ಅಖಾಡಗಳು, ನಾಸಿಕ್‌ನಲ್ಲಿ ವೈಷ್ಣವ ಅಖಾಡಗಳು ತಿಂಗಳುಗಟ್ಟಲೆ ಬೀಡುಬಿಡುತ್ತವೆ. ತಪೋವನದ ಬಯಲಿನಲ್ಲಿ ಸಾಧುಗ್ರಾಮ ಏಳುತ್ತದೆ. ಇದು ಉಳಿಯುವವರ ಮೇಳ. ಸ್ನಾನದ ಪರ್ವದಿನ ಮುಂಜಾನೆ ಬಂದು ಮುಳುಗು ಹಾಕಿ ಸಂಜೆಗೆ ಹೊರಡುವ ಲಕ್ಷಾಂತರ ಜನರದ್ದು ಇನ್ನೊಂದು ಮೇಳ. ಊರಿನ ಸ್ವರೂಪವನ್ನು ತಿದ್ದಿದ್ದು ಈ ಎರಡನೆಯದು. 2003ರ ಆಗಸ್ಟ್ 27ರಂದು ರಾಮಕುಂಡದ ಕಡೆಗಿನ ಇಕ್ಕಟ್ಟಾದ ಓಣಿಯಲ್ಲಿ ಕಾಲ್ತುಳಿತವಾಗಿ 39 ಜನ ಸತ್ತರು. ಆ ದುರಂತದ ನಂತರ ಘಾಟುಗಳು ಅಗಲವಾದವು, ಬೇರೆ ಬೇರೆ ದಾರಿಗಳಾದವು, ಹೊಳೆಯ ಎರಡೂ ದಂಡೆಗಳಲ್ಲಿ ಹೊಸ ಘಾಟುಗಳನ್ನು ಕಟ್ಟಲಾಯಿತು. 2015ರ ಮೇಳ ಅಂಥ ಅನಾಹುತವಿಲ್ಲದೆ ಮುಗಿಯಿತು. ಜೀವ ಉಳಿಸುವ ವ್ಯವಸ್ಥೆಯ ಬಗ್ಗೆ ತಕರಾರು ಎತ್ತುವುದು ಸರಿಯಲ್ಲ, ಎತ್ತುವುದೂ ಇಲ್ಲ. ಆದರೆ ಒಂದು ದಿನ ಬಂದು ಹೋಗುವ ಜನಕ್ಕೆಂದು ಅಳೆದು ಹೊಲಿದ ಅಂಗಿಯನ್ನು ಊರು ಹನ್ನೆರಡು ವರ್ಷ ತೊಟ್ಟಿರಬೇಕಾಗಿದೆ. ಹೊಳೆಯ ಪಾತ್ರದಲ್ಲಿ ಕಾಂಕ್ರೀಟು ಬಿತ್ತು. ಹಳೆಯ ಕುಂಡಗಳ ಜಲದ ಕಣ್ಣುಗಳು ಅದರಡಿ ಮುಚ್ಚಿಹೋದವೆಂದು, ಅದನ್ನು ತೆಗೆಸಬೇಕೆಂದು ನಾಸಿಕ್‌ನ ನಾಗರಿಕರೇ ನ್ಯಾಯಾಲಯದ ಮೆಟ್ಟಿಲೇರಿದರು. 2016ರ ಬರದಲ್ಲಿ ರಾಮಕುಂಡ ಒಣಗಿ ಟ್ಯಾಂಕರಿನಿಂದ ನೀರು ತುಂಬಿಸಬೇಕಾಯಿತು. 2027ರ ಮೇಳಕ್ಕಾಗಿ ತಪೋವನದ ಮರಗಳನ್ನು ಕಡಿಯುವ ಪ್ರಸ್ತಾವಕ್ಕೆ 2025ರ ಕೊನೆಯಲ್ಲಿ ಎದ್ದ ವಿರೋಧವೂ ಇದೇ ನೋವಿನದು: ಕೆಲವು ದಿನಗಳಿಗಾಗಿ ಎಷ್ಟನ್ನು ಕಳೆದುಕೊಳ್ಳುವುದು?

ತ್ರ್ಯಂಬಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2011ರ ಜನಗಣತಿಯಲ್ಲಿ ಸುಮಾರು 12,000 ಜನರಿದ್ದ, ಬ್ರಹ್ಮಗಿರಿಯ ತಪ್ಪಲಿನ ಸಣ್ಣ ಊರು ಅದು. ನಾಸಿಕ್‌ನಿಂದ ಕೇವಲ 28 ಕಿ.ಮೀ. ದೂರ. ಬಟ್ಲರ್ ಹೇಳಿದ ಹಾದಿಯಲ್ಲಿ ನಡೆದಿದ್ದರೆ ದೊಡ್ಡ ನಗರದ ನೆರಳಿನಲ್ಲಿ ಅದು ಎಂದೋ ಬಾಡಬೇಕಿತ್ತು. ಬಾಡಲಿಲ್ಲ. ಅಲ್ಲಿನ ಪುರೋಹಿತರ ಮನೆಗಳಲ್ಲಿ ಇಂದಿಗೂ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಕುಟುಂಬಗಳು ಚಾಪೆ ಹಾಸಿ ಮಲಗುತ್ತವೆ. ಕಾರಣ ಸರಳ: ಅಲ್ಲಿ ಮಾಡಿಸುವ ನಾರಾಯಣ ನಾಗಬಲಿ ಮೂರು ದಿನಗಳ ಕರ್ಮ. ಮೊದಲ ದಿನ ಕುಶಾವರ್ತ ಕುಂಡದಲ್ಲಿ ಮಿಂದು ಸಂಕಲ್ಪ ಮಾಡಿದವರು ಮೂರನೆಯ ದಿನದವರೆಗೆ ಊರು ಬಿಡುವಂತಿಲ್ಲ. ಊಟ, ವಸತಿ, ಬಟ್ಟೆಬರೆ ಎಲ್ಲವೂ ಅಲ್ಲೇ. ಆ ಕರ್ಮದಲ್ಲಿ ಯಾರಿಗೆ ಎಷ್ಟು ನಂಬಿಕೆ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಒಂದು ಆಚರಣೆಗೆ ಇಂತಿಷ್ಟು ರಾತ್ರಿ ಎಂದು ಗೊತ್ತಾಗಿದ್ದರೆ ಹೆದ್ದಾರಿ ಎಷ್ಟೇ ವೇಗವಾದರೂ ಆ ಊರಿನ ಆತಿಥ್ಯ ಅಳಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಶಿರಡಿಯದ್ದೂ ಅದೇ ಕಥೆ. ನಸುಕಿನ ಕಾಕಡ ಆರತಿ, ರಾತ್ರಿಯ ಶೇಜ್ ಆರತಿ. ದಿನದ ಎರಡು ತುದಿಗಳಲ್ಲಿ ನಿಂತ ಈ ಎರಡು ಪೂಜೆಗಳು ಭಕ್ತನನ್ನು ಊರಿನಲ್ಲಿ ಹಿಡಿದು ಮಲಗಿಸುತ್ತವೆ. ಸಂಸ್ಥಾನದ ಭಕ್ತನಿವಾಸಗಳು, ಅವುಗಳ ಸುತ್ತಲಿನ ಹೋಟೆಲುಗಳು ಎದ್ದಿದ್ದು ಈ ವೇಳಾಪಟ್ಟಿಯ ಮೇಲೆ.

ಎಲ್ಲೋರಾಕ್ಕೆ ಅಂಥ ವೇಳಾಪಟ್ಟಿಯಿಲ್ಲ. ಹೊತ್ತು ಮುಳುಗುವಾಗ ಬಾಗಿಲು ಹಾಕುತ್ತಾರೆ. ವೇರುಳ್ ಎಂಬ ಆ ಹಳ್ಳಿಯಲ್ಲಿ 34 ಗುಹೆಗಳಿವೆ, ಅಹಲ್ಯಾಬಾಯಿ ಹೋಳ್ಕರ್ ಜೀರ್ಣೋದ್ಧಾರ ಮಾಡಿಸಿದ ಘೃಷ್ಣೇಶ್ವರ ಜ್ಯೋತಿರ್ಲಿಂಗವಿದೆ, ಐದಾರು ಕಿ.ಮೀ. ಮೇಲೆ ಖುಲ್ದಾಬಾದಿನ ಸೂಫಿ ದರ್ಗಾಗಳಿವೆ. ರಾತ್ರಿ ಉಳಿಯುವವರು ಮಾತ್ರ ಬಲು ಕಡಿಮೆ. ನೋಡಲು ಬಂದವರ ರಾತ್ರಿ ಸಂಭಾಜಿನಗರದ ಪಾಲು. ಹಂಪಿ ಮತ್ತು ಹೊಸಪೇಟೆಯ ನಂಟೂ, ಕನ್ನಂಬಾಡಿ ಮತ್ತು ಮೈಸೂರಿನ ನಂಟೂ ಇದೇ ರೀತಿಯದು: ನೋಡುವುದು ಒಂದು ಕಡೆ, ಮಲಗುವುದು ಇನ್ನೊಂದು ಕಡೆ. ಅಜಂತಾದ ಮೊದಮೊದಲ ಅತಿಥಿಗಳು ಅಲ್ಲೇ ಬೀಡುಬಿಟ್ಟವರು. 1819ರಲ್ಲಿ ಬೇಟೆಗೆ ಬಂದ ಸೈನ್ಯಾಧಿಕಾರಿ ಜಾನ್ ಸ್ಮಿತ್‌ನ ಕಣ್ಣಿಗೆ ಗುಹೆಗಳು ಬಿದ್ದ ಮೇಲೆ, 1844ರಲ್ಲಿ ಚಿತ್ರಗಳ ಪ್ರತಿ ಬರೆಯಲು ಬಂದ ರಾಬರ್ಟ್ ಗಿಲ್ 1879ರಲ್ಲಿ ಸಾಯುವವರೆಗೂ ಆ ಸೀಮೆಯಲ್ಲೇ ಕಳೆದ. ಅವನು ವರ್ಷಗಟ್ಟಲೆ ಕೂತು ಬರೆದ ಬಹಳಷ್ಟು ಪ್ರತಿಗಳು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸುಟ್ಟುಹೋದವು. ಆಮೇಲೂ ಅವನು ಕುಂಚ ಕೆಳಗಿಡಲಿಲ್ಲ. ಹೈದರಾಬಾದ್ ನಿಜಾಮರ ಪುರಾತತ್ವ ಇಲಾಖೆ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಇಟಲಿಯ ಪರಿಣತರನ್ನು ಕರೆಸಿ ಬಣ್ಣಗಳನ್ನು ರಕ್ಷಿಸಿತು. ಮನ್ಮಾಡ್‌ನಿಂದ ಸಿಕಂದರಾಬಾದಿಗೆ ಹೋಗುವ ಗೋದಾವರಿ ಕಣಿವೆಯ ರೈಲು ಬಂದ ಮೇಲೆ ಆಗ ಔರಂಗಾಬಾದ್ ಎಂದು ಕರೆಯುತ್ತಿದ್ದ ಸಂಭಾಜಿನಗರ ಗುಹೆ ನೋಡಲು ಬರುವ ಅತಿಥಿಗಳ ತಂಗುದಾಣವಾಯಿತು. 1983ರಲ್ಲಿ ಯುನೆಸ್ಕೊ ಎರಡೂ ಗುಹಾಸಮೂಹಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆ ರಾತ್ರಿಗಳ ಬೆಲೆ ಇನ್ನೂ ಏರಿತು.

ಈಗ ಆ ದೂರವೇ ಕರಗುತ್ತಿದೆ. ನಾಗಪುರದಿಂದ ಮುಂಬಯಿಗೆ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗದ ಮೊದಲ ಹಂತ ಶಿರಡಿಯವರೆಗೆ 2022ರ ಡಿಸೆಂಬರ್ 11ರಂದು ತೆರೆಯಿತು, ಕೊನೆಯ ಹಂತ 2025ರ ಜೂನ್ 5ರಂದು. 1865ರಲ್ಲಿ ರೈಲು ಹತ್ತಿದ ಅದೇ ಬೆಟ್ಟಸಾಲಿನಲ್ಲಿ, ಇಗತ್‌ಪುರಿಯ ಬಳಿ, ಈಗ ಸುಮಾರು 8 ಕಿ.ಮೀ. ಉದ್ದದ ಜೋಡಿ ಸುರಂಗ. 2023ರ ಡಿಸೆಂಬರ್‌ನಲ್ಲಿ ಜಾಲ್ನಾ-ಮುಂಬಯಿ ವಂದೇ ಭಾರತ್ ಓಡತೊಡಗಿತು. ಶಿರಡಿಯಲ್ಲಿ ಕೋಣೆ ಹಿಡಿದವರು ಬೆಳಿಗ್ಗೆ ಹೊರಟು ಎಲ್ಲೋರಾ, ಘೃಷ್ಣೇಶ್ವರ ಮುಗಿಸಿ ರಾತ್ರಿಯ ಆರತಿಗೆ ವಾಪಸಾಗಬಹುದು. ಕರ್ನಾಟಕದಿಂದ ಹೊರಡುವ ಜ್ಯೋತಿರ್ಲಿಂಗ ಯಾತ್ರೆಯ ಬಸ್ಸುಗಳ ಪಟ್ಟಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ: ತ್ರ್ಯಂಬಕ, ಶಿರಡಿ, ಶನಿ ಶಿಂಗಣಾಪುರ, ಘೃಷ್ಣೇಶ್ವರ, ಔಂಢಾ, ಪರಳಿ. ಎಲ್ಲೋರಾದ ಹದಿನಾರನೆಯ ಗುಹೆ, ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಹೆಸರಿನೊಂದಿಗೆ ನಿಂತ ಕೈಲಾಸ, ಈ ಪಟ್ಟಿಯಲ್ಲಿ ದೇವಸ್ಥಾನದ ದರ್ಶನದ ನಂತರ ಸಮಯವಿದ್ದರೆ ನೋಡುವ ಜಾಗ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ, ಅಂದಾಜು 2 ಲಕ್ಷ ಟನ್ ಕಲ್ಲು ತೆಗೆದು, ತಪ್ಪಿದರೆ ಮತ್ತೆ ಸೇರಿಸಲಾಗದ ಹಾಗೆ ಕೆತ್ತಿದ ಗುಡಿ ಅದು. ಕನ್ನಡದ ಅರಸೊತ್ತಿಗೆಯೊಂದು ಲೋಕಕ್ಕೆ ಕೊಟ್ಟ ಅತಿ ದೊಡ್ಡ ಕಲ್ಲಿನ ಕಾಣಿಕೆಯ ಮುಂದೆ ಕನ್ನಡದ ಯಾತ್ರಿಕರು ಮುಕ್ಕಾಲು ಗಂಟೆ ನಿಂತು ಬಸ್ಸು ಹತ್ತುವುದು ನನಗೆ ನಿಜವಾಗಿಯೂ ಸಂಕಟ ತರುವ ವಿಷಯ. ತಪ್ಪು ಯಾತ್ರಿಕರದ್ದಲ್ಲ. ರಾತ್ರಿಯ ವಸತಿಯ ಖರ್ಚು ಉಳಿಸಿ ಬೆಲೆ ಕಡಿಮೆ ಮಾಡುವುದು ಯಾತ್ರಾ ವ್ಯಾಪಾರದ ತರ್ಕ, ರಸ್ತೆ ಅದಕ್ಕೆ ಅನುವು ಮಾಡಿಕೊಟ್ಟಿದೆ.

ರಸ್ತೆ ಬಂದರೆ ಜನ ಹೆಚ್ಚುತ್ತಾರೆ, ಜನ ಹೆಚ್ಚಿದರೆ ದುಡಿಮೆ ಹೆಚ್ಚುತ್ತದೆ ಎಂಬುದು ಸರ್ಕಾರಗಳು ಕೊಡುವ ಉತ್ತರ. ಇದರಲ್ಲಿ ಸತ್ಯವಿದೆ, ಸಂಭಾಜಿನಗರದ ವಾಳೂಜ್, ಶೇಂದ್ರಾ ಕೈಗಾರಿಕಾ ಪ್ರದೇಶಗಳಿಗೆ ಆ ರಸ್ತೆ ಬೇಕೇ ಬೇಕು. ಆದರೆ ಪ್ರವಾಸದ ಮಟ್ಟಿಗೆ ನಾವು ಎಣಿಸುವುದು ತಲೆಗಳನ್ನು, ಅದೂ ಟಿಕೆಟಿನ ಲೆಕ್ಕದಲ್ಲಿ. ಒಬ್ಬನೇ ಮೂರು ಸ್ಮಾರಕ ನೋಡಿದರೆ ಮೂರು ಟಿಕೆಟ್ ಹರಿಯುತ್ತವೆ, ಮೂವರು ಬಂದಂತಾಗುತ್ತದೆ. ಅವನು ಎಲ್ಲಿ ಮಲಗಿದ, ಯಾರ ಮನೆಯಲ್ಲಿ ಉಂಡ ಎಂಬುದು ಆ ಟಿಕೆಟಿನಲ್ಲಿ ಕಾಣುವುದಿಲ್ಲ. ಹಾದುಹೋಗುವವನಿಗಾಗಿ ಕಟ್ಟಿದ್ದು ಏನಾಗುತ್ತದೆ ಎಂಬುದಕ್ಕೆ ಗುಹೆಗಳ ಬಳಿಯ ಪ್ರವಾಸಿ ಕೇಂದ್ರಗಳನ್ನೇ ನೋಡಬಹುದು. ಜಪಾನಿನ ಸಾಲದ ನೆರವಿನ ಯೋಜನೆಯಲ್ಲಿ ಅಜಂತಾ ಮತ್ತು ಎಲ್ಲೋರಾದಲ್ಲಿ ಗುಹೆಗಳ ಪ್ರತಿಕೃತಿಗಳಿರುವ ದೊಡ್ಡ ಕಟ್ಟಡಗಳು 2013ರಲ್ಲಿ ತೆರೆದವು. ಕೆಲವೇ ವರ್ಷಗಳಲ್ಲಿ ನೀರು ಮತ್ತು ವಿದ್ಯುತ್ ಬಿಲ್ಲಿನ ಬಾಕಿಯಿಂದ ಬಾಗಿಲು ಹಾಕಿದವು. ಮೂಲ ಗುಹೆಯನ್ನೇ ಓಡೋಡಿ ನೋಡುವವನಿಗೆ ಪ್ರತಿಕೃತಿಯ ಮುಂದೆ ನಿಲ್ಲಲು ಹೊತ್ತಿರುವುದಿಲ್ಲ. ಆ ಯೋಜನೆಯ ಕಾಲದಲ್ಲೇ ಆದ ಇನ್ನೊಂದು ಬದಲಾವಣೆ ಮಾತ್ರ ನಿಂತಿದೆ: ಅಜಂತಾಕ್ಕೆ ಬರುವ ವಾಹನಗಳನ್ನು ಫರ್ದಾಪುರದ ಬಳಿ ಸುಮಾರು 4 ಕಿ.ಮೀ. ದೂರದಲ್ಲೇ ತಡೆದು, ಅಲ್ಲಿಂದ ಬಸ್ಸಿನಲ್ಲಿ ಕಳುಹಿಸುವ ಕ್ರಮ. ಬಣ್ಣಗಳಿಗೆ ಹೊಗೆ ತಟ್ಟದಿರಲೆಂದು ಮಾಡಿದ್ದು. ಗುಹೆಗೆ ಬೇಕಾದದ್ದು ಕಡಿಮೆ ಉಸಿರು, ಊರಿಗೆ ಬೇಕಾದದ್ದು ಹೆಚ್ಚು ರಾತ್ರಿ. ಇವೆರಡೂ ಒಂದಕ್ಕೊಂದು ವೈರಿಗಳಲ್ಲ ಎಂದು ಈ 4 ಕಿ.ಮೀ. ಅಂತರ ತೋರಿಸುತ್ತದೆ. ಹಂಪಿಯಲ್ಲಿ ಆ ಅಂತರ ಕಾಯಲಿಲ್ಲ. ಸ್ಮಾರಕದ ಮಗ್ಗುಲಲ್ಲೇ ವಸತಿಗಳು ಬೆಳೆದವು, 2011ರಲ್ಲಿ ಹಂಪಿ ಬಜಾರಿನ ನಿವಾಸಿಗಳನ್ನು ಎಬ್ಬಿಸಲಾಯಿತು, 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರವಾಗಿ ದಾಟಿಹೋಗುವುದು ಅಪ್ರಾಮಾಣಿಕತೆ. ಪುರೋಹಿತರ ಮನೆಯ ಜಗಲಿ, ಧರ್ಮಶಾಲೆ, ವಹಿ ಎಂದು ಹೊಗಳುವ ಹಳೆಯ ಆತಿಥ್ಯ ಯಾರಿಗಿತ್ತು? 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ನೇತೃತ್ವದಲ್ಲಿ ಸಾವಿರಾರು ಅಸ್ಪೃಶ್ಯರು ನಾಸಿಕ್‌ನ ಕಾಳಾರಾಮ ದೇವಸ್ಥಾನದ ಬಾಗಿಲ ಮುಂದೆ ನಿಂತರು. ದಾದಾಸಾಹೇಬ್ ಗಾಯಕ್ವಾಡ್ ಮತ್ತು ಸಂಗಡಿಗರು ಆ ಸತ್ಯಾಗ್ರಹವನ್ನು ವರ್ಷಗಳ ಕಾಲ ನಡೆಸಿದರು. ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್‌ನಲ್ಲಿ ಅದೇ ಜಿಲ್ಲೆಯ ಯೇವಲಾದಲ್ಲಿ, ತಾನು ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರ್ ಘೋಷಿಸಿದರು. ದೇವರ ಮನೆಯಲ್ಲೇ ಜಾಗ ಸಿಗದವರಿಗೆ ಪುರೋಹಿತರ ಮನೆಯಲ್ಲಿ ಚಾಪೆ ಹಾಸುವವರು ಯಾರು? ಹೊಳೆಯ ದಂಡೆಯ ಆ ರಾತ್ರಿಗಳು ಜಾತಿಯ ಬೇಲಿಯೊಳಗಿನವು. ಬೆಳಿಗ್ಗೆ ಬಂದು ಸಂಜೆ ಹೋಗುವ ಬಸ್ಸು ಯಾರ ಕುಲವನ್ನೂ ಕೇಳುವುದಿಲ್ಲ, ಆದ್ದರಿಂದ ಅದೇ ಮೇಲು ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ತೂಕವಿದೆ. ಆದರೆ ಬೇಲಿಯನ್ನು ಮುರಿದದ್ದು ಬಸ್ಸಿನ ವೇಗವಲ್ಲ. ಸಾರ್ವಜನಿಕ ವಸತಿ ಎಲ್ಲರಿಗೂ ತೆರೆದಿರಬೇಕು ಎಂಬ ಕಾನೂನು ಅದನ್ನು ಮುರಿಯಿತು. ಅಂಗಡಿ, ಹೋಟೆಲು, ಕೆರೆ, ಸ್ನಾನಘಟ್ಟಗಳಿಗೆ ಪ್ರವೇಶಿಸುವಲ್ಲಿ ಭೇದ ಮಾಡಬಾರದೆಂದು ಸಂವಿಧಾನದ 15ನೆಯ ವಿಧಿ ಹೆಸರು ಹಿಡಿದು ಹೇಳುತ್ತದೆ. ಲಾಡ್ಜಿನ ಒಂದು ಕೋಣೆ, ಸರ್ಕಾರಿ ಯಾತ್ರಿನಿವಾಸದ ಒಂದು ಮಂಚ ಈ ಹೋರಾಟದ ಗಳಿಕೆಗಳು. ಹಾಗಾಗಿ ನಾನು ಕೇಳುತ್ತಿರುವುದು ಹಳೆಯ ಜಗಲಿ ಮರಳಿ ಬರಲಿ ಎಂದಲ್ಲ. ಯಾರಾದರೂ ಬಂದು ಯಾರ ಮುಂದೆಯೂ ಕುಲ ಹೇಳದೆ ಮಲಗಬಹುದಾದ ಕಡಿಮೆ ದರದ ಕೋಣೆಗಳು ಈಗ ತಾನೇ ಎಲ್ಲರ ಕೈಗೆ ಎಟುಕಿರುವಾಗ, ರಾತ್ರಿಯನ್ನೇ ಪ್ರವಾಸದಿಂದ ತೆಗೆದುಹಾಕಿದರೆ ನಷ್ಟವಾಗುವುದು ಮತ್ತೆ ಬಡ ಯಾತ್ರಿಕನಿಗೇ. ಉಳ್ಳವನಿಗೆ ರೆಸಾರ್ಟು ಇದ್ದೇ ಇದೆ.

ರೆಸಾರ್ಟುಗಳ ಮಾತು ಬಂದಾಗ ಗಂಗಾಪುರ ಅಣೆಕಟ್ಟೆಯ ಹಿನ್ನೀರು ನೆನಪಾಗಬೇಕು. ನಾಸಿಕ್‌ನ ಪಶ್ಚಿಮಕ್ಕೆ ಹರಡಿದ ಆ ನೀರು ಈ ಸೀಮೆಗೆ ಇರುವ ಕಡಲು. 2000ದಲ್ಲಿ ರಾಜೀವ್ ಸಾಮಂತರ ಸುಲಾ ಕಂಪನಿ ಅದರ ಹತ್ತಿರದ ದ್ರಾಕ್ಷಿ ತೋಟದಿಂದ ಮೊದಲ ವೈನ್ ಹೊರತಂದಿತು, 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ನೀತಿ ಮಾಡಿತು, ಆಮೇಲೆ ರುಚಿ ನೋಡುವ ಕೋಣೆ, ಸಂಗೀತೋತ್ಸವ, ತಂಗುಮನೆಗಳು. ಕುಡಿದವನು ಗಾಡಿ ಓಡಿಸಿಕೊಂಡು ಮುಂಬಯಿಗೆ ಮರಳುವಂತಿಲ್ಲವಲ್ಲ. ವೈನ್ ತನ್ನದೇ ರಾತ್ರಿಯನ್ನು ಸೃಷ್ಟಿಸಿಕೊಂಡಿತು. ನಾಸಿಕ್ ಪ್ರವಾಸಿ ಊರಾಗಿ ಎರಡನೆಯ ಸಲ ಹುಟ್ಟಿದ್ದು ಹೀಗೆ, ಬಟ್ಲರ್ ಹೇಳುವ ಮರುಹುಟ್ಟಿಗೆ ಒಳ್ಳೆಯ ನಿದರ್ಶನ. ಆದರೆ ಈ ರಾತ್ರಿಯ ಲಾಭ ತೋಟದ ಬೇಲಿಯೊಳಗೇ ಉಳಿಯುತ್ತದೆ. ಅತಿಥಿ ಊಟ, ಆಟ, ನಿದ್ದೆ ಎಲ್ಲವನ್ನೂ ಒಂದೇ ಆವರಣದಲ್ಲಿ ಮುಗಿಸುತ್ತಾನೆ. ಪಂಚವಟಿಯ ಪಾತ್ರೆ ಅಂಗಡಿಯವನಿಗೆ, ಮಿಸಳ್ ಮಾಡುವವಳಿಗೆ ಅವನ ಮುಖವೇ ಕಾಣುವುದಿಲ್ಲ. ರಾತ್ರಿಗಳ ಎಣಿಕೆ ಸಾಲದು, ಯಾರ ಸೂರಿನಡಿ ಎಂಬುದೂ ಸೇರಬೇಕು ಎಂದು ಮೊದಲಿಗೇ ಹೇಳಿದ್ದು ಇದಕ್ಕೇ.

ಇನ್ನು ನೀರು. ಉಳಿಯುವ ಅತಿಥಿ ಮೀಯುತ್ತಾನೆ, ಬಟ್ಟೆ ಒಗೆಸುತ್ತಾನೆ. ಸಂಭಾಜಿನಗರದಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರು ಬರುವುದು ಎಷ್ಟೋ ದಿನಗಳಿಗೊಮ್ಮೆ. ಪೈಠಣದ ಜಾಯಕವಾಡಿ ಜಲಾಶಯ ತುಂಬಬೇಕಾದರೆ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ನೀರು ಬಿಡಬೇಕು, ಅದಕ್ಕಾಗಿ ಮರಾಠವಾಡಾದವರು ನ್ಯಾಯಾಲಯಕ್ಕೆ ಅಲೆದಿದ್ದಾರೆ. ಹಾಗಿರುವಾಗ ಹೆಚ್ಚು ರಾತ್ರಿ ಎನ್ನುವುದು ಬರದ ನಾಡಿಗೆ ಹೊರೆಯಲ್ಲವೇ? ಹೊರೆ ಹೌದು, ಆದರೆ ಎಲ್ಲ ರಾತ್ರಿಗಳ ಹೊರೆ ಒಂದೇ ಸಮನಲ್ಲ. ಈಜುಕೊಳ, ಹುಲ್ಲುಹಾಸಿನ ರೆಸಾರ್ಟಿನ ಕೋಣೆಗೂ ಬಕೆಟ್ ನೀರು ಕೊಡುವ ಯಾತ್ರಿನಿವಾಸಕ್ಕೂ ಅಜಗಜಾಂತರ. 2015ರಲ್ಲಿ ಶಾಹಿ ಸ್ನಾನಕ್ಕೆಂದು ಬರದ ನಡುವೆ ಗಂಗಾಪುರದ ನೀರನ್ನು ಹೊಳೆಗೆ ಬಿಟ್ಟದ್ದನ್ನು ಬಾಂಬೆ ಹೈಕೋರ್ಟ್ ಪ್ರಶ್ನಿಸಿತ್ತು. ಒಂದು ದಿನದ ಸ್ನಾನವೂ ಪುಕ್ಕಟೆ ಬರುವುದಿಲ್ಲ.

ಇದೇ ಜಾಯಕವಾಡಿ ಒಂದು ಪಾಠವನ್ನೂ ಇಟ್ಟುಕೊಂಡಿದೆ. ಲಾಲ್ ಬಹಾದೂರ್ ಶಾಸ್ತ್ರಿ 1965ರಲ್ಲಿ ಅಡಿಗಲ್ಲು ಹಾಕಿ, ಇಂದಿರಾ ಗಾಂಧಿ 1976ರಲ್ಲಿ ಉದ್ಘಾಟಿಸಿದ ಆ ಅಣೆಕಟ್ಟಿನ ಹಿಂದೆ ಸಂತ ಏಕನಾಥರ ಹೆಸರಿನ ನಾಥಸಾಗರ ಹಬ್ಬಿದೆ. ದಡದಲ್ಲಿ ನಿಂತವರಿಗೆ ಆಚೆಯ ದಂಡೆ ಕಾಣದಷ್ಟು ವಿಸ್ತಾರ. ಅದರ ಬುಡದಲ್ಲಿ ನಮ್ಮ ಕನ್ನಂಬಾಡಿಯ ಬೃಂದಾವನದ ಮಾದರಿಯಲ್ಲಿ ಸಂತ ಜ್ಞಾನೇಶ್ವರ ಉದ್ಯಾನ ಮಾಡಿದರು. ಬಣ್ಣದ ಕಾರಂಜಿ ನೋಡಲು ಸಂಜೆಯ ನಂತರ ಜನ ಸೇರುತ್ತಿದ್ದರು. ಪೈಠಣಿ ಸೀರೆಯ ಮಗ್ಗಗಳಿದ್ದ ಊರಿಗೆ ಅದು ದೇವರು ಕೊಟ್ಟ ಅವಕಾಶವಾಗಿತ್ತು. ಆದರೆ ಕಾರಂಜಿ ನೋಡಿದವರು ಮಲಗಲು 50 ಕಿ.ಮೀ. ದೂರದ ನಗರಕ್ಕೆ ವಾಪಸಾದರು. ಪೈಠಣದಲ್ಲಿ ಆ ಉದ್ಯಾನವನ್ನೇ ನೆಚ್ಚಿಕೊಂಡ ಮನೆಗಳು ಬೆಳೆಯಲಿಲ್ಲ, ಉದ್ಯಾನ ಸೊರಗಿದಾಗ ಗಟ್ಟಿಯಾಗಿ ದನಿ ಎತ್ತಲು ಊರಿಗೆ ಕಾರಣವೂ ಇರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಚಿತ್ರವೂ ಇದೇ ಹೊಳೆಯ ಮೇಲಿದೆ. ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನಲ್ಲಿ, ಗೋದಾವರಿ ಮತ್ತು ಕಾದವಾ ನದಿಗಳು ಕೂಡುವಲ್ಲಿ, ಬ್ರಿಟಿಷರ ಕಾಲದ ಒಂದು ತಗ್ಗು ಕಟ್ಟೆಯಿದೆ. ಅದರ ಹಿಂದೆ ನಿಂತ ಹೂಳಿನಲ್ಲಿ ಬೆಳೆದ ನಾಂದೂರ್ ಮಧ್ಮೇಶ್ವರ ಪಕ್ಷಿಧಾಮ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ. ಅಲ್ಲಿಗೆ ಬರುವವರು ಸಾವಿರಗಟ್ಟಲೆ ಇಲ್ಲ, ದೊಡ್ಡ ಹೋಟೆಲೂ ಇಲ್ಲ. ಚಳಿಗಾಲದಲ್ಲಿ ವಲಸೆ ಬಂದ ಬಾತುಗಳು, ಕೊಕ್ಕರೆಗಳು ಕಾಣುವುದು ಬೆಳಕು ಹರಿಯುವ ಹೊತ್ತಿಗೆ. ಬಿಸಿಲೇರಿದ ಮೇಲೆ ಹೋದವರಿಗೆ ನೀರಿನ ನಡುವೆ ಚುಕ್ಕೆಗಳಷ್ಟೇ. ಆದ್ದರಿಂದ ಹಕ್ಕಿ ನೋಡಬೇಕೆಂದವರು ಹಿಂದಿನ ರಾತ್ರಿಯೇ ಆಸುಪಾಸಿನಲ್ಲಿ ತಂಗುತ್ತಾರೆ, ಜೋಳದ ರೊಟ್ಟಿ, ಠೇಚಾ ಉಂಡು ಬೇಗ ಮಲಗುತ್ತಾರೆ. ಐದು ಗಂಟೆಗೆ ದುರ್ಬೀನು ಹಿಡಿದು ದಾರಿ ತೋರಿಸಲು ಬರುವವನು ಅದೇ ಹಳ್ಳಿಯ ಯುವಕ.